ಕಲ್ಲಿನ ಗೋಡೆ ತೊಳೆಯುವ ಮುನ್ನ

ಕಲ್ಲಿನ ಗೋಡೆಯ ಹೊರಮೈಯನ್ನು ಹೇಗೆ ಸ್ವಚ್ಛಗೊಳಿಸಬೇಕು ಎಂಬುದನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆ: ಕಲ್ಲು ಯಾವ ಜಾತಿಯದು, ಅದರ ಮೇಲೆ ಕೂತಿರುವುದು ಏನು. ಗೋಡೆ ಎಷ್ಟು ಕೊಳೆಯಾಗಿದೆ ಎಂಬುದು ಆಮೇಲಿನ ಮಾತು. ಈ ಎರಡನ್ನೂ ನೋಡದೆ ಅಂಗಡಿಯಿಂದ ಆ್ಯಸಿಡ್ ತಂದು ಸುರಿದರೆ, ಇಲ್ಲವೆ ಜೋರು ನೀರಿನ ಯಂತ್ರ ಹಚ್ಚಿದರೆ ಗೋಡೆ ಎರಡು ದಿನ ಹೊಳೆಯುತ್ತದೆ. ಕಲ್ಲಿಗೆ ತಗುಲಿದ ಪೆಟ್ಟು ಮಾತ್ರ ಮುಂದೆಂದೂ ಮಾಯುವುದಿಲ್ಲ.

ಯಾದಗಿರಿ ಜಿಲ್ಲೆಯ ಕೆಂಭಾವಿಯ ಸುತ್ತಮುತ್ತ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಸುರಪುರ, ಶಹಾಪುರ, ಯಾದಗಿರಿಯ ಗುಡ್ಡಗಳು ಗ್ರಾನೈಟಿನವು. ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟಸಾಲು, ಯಾದಗಿರಿ ಕೋಟೆ ನಿಂತಿರುವ ಬೆಟ್ಟ ಇವೆರಡೂ ಅದೇ ಕಲ್ಲಿನವು. ಅವಕ್ಕೆ ತಾಗಿಕೊಂಡೇ ತಾಳಿಕೋಟೆಯಿಂದ ಶಹಾಬಾದ್, ಸೇಡಂ ಕಡೆಗೆ ಭೀಮಾ ಕಣಿವೆಯ ಸುಣ್ಣಕಲ್ಲಿನ ಪಟ್ಟಿ ಹಾದುಹೋಗಿದೆ. ಜನ ಶಹಾಬಾದ್ ಕಲ್ಲು, ಪರಸಿ ಎಂದು ಕರೆಯುವುದು ಇದನ್ನೇ. ಬೂದಿ, ನಸುನೀಲಿ, ಕೆನೆ ಬಣ್ಣಗಳಲ್ಲಿ ಸಿಗುವ ಈ ಕಲ್ಲು ಪದರ ಪದರವಾಗಿ ಸೀಳುತ್ತದೆ. ಹಾಸುಗಲ್ಲಿಗೂ ಗೋಡೆಗೂ ಬಳಕೆಯಾಗುವುದು ಅದರಿಂದಲೇ. ಈ ಭಾಗದ ಮನುಷ್ಯನಿಗೂ ಸುಣ್ಣಕಲ್ಲಿಗೂ ಇರುವ ನಂಟು ಬಹಳ ಹಳೆಯದು. ಹುಣಸಗಿ–ಬೈಚಬಾಳ ಕಣಿವೆಯ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲಿನ ಚಪ್ಪಡಿಗಳನ್ನು ಎಬ್ಬಿಸಿ ಕೈಕೊಡಲಿ ಮಾಡುತ್ತಿದ್ದ ನೆಲೆಯನ್ನು ಪುರಾತತ್ವಜ್ಞ ಕೆ. ಪದ್ದಯ್ಯ ಉತ್ಖನನ ಮಾಡಿದ್ದಾರೆ. ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ಅಂದಾಜಿಸಲಾಗಿದೆ.

ಈ ಎರಡು ಕಲ್ಲುಗಳನ್ನು ಗುರುತಿಸುವುದು ಕಷ್ಟವಲ್ಲ. ಗ್ರಾನೈಟಿನಲ್ಲಿ ಬಿಳಿ, ಕಪ್ಪು, ಗುಲಾಬಿ ಹರಳುಗಳು ಬರಿಗಣ್ಣಿಗೇ ಬೇರೆಬೇರೆಯಾಗಿ ಕಾಣುತ್ತವೆ. ಚಾಕುವಿನ ಮೊನೆಗೆ ಅದು ಜಗ್ಗುವುದಿಲ್ಲ. ಸುಣ್ಣಕಲ್ಲು ನುಣುಪು, ಒಂದೇ ಬಣ್ಣ. ಚಾಕು ಎಳೆದರೆ ಬಿಳಿ ಗೆರೆ ಮೂಡುತ್ತದೆ. ಇನ್ನೂ ಅನುಮಾನವಿದ್ದರೆ ಅದೇ ಕಲ್ಲಿನ ಒಡೆದ ಚೂರನ್ನು ಪುಡಿ ಮಾಡಿ ಎರಡು ಹನಿ ನಿಂಬೆರಸ ಬಿಡಬೇಕು. ಸುಣ್ಣಕಲ್ಲಾದರೆ ಪುಡಿ ಗುಳ್ಳೆ ಗುಳ್ಳೆಯಾಗಿ ನೊರೆ ಏಳುತ್ತದೆ, ಗ್ರಾನೈಟ್ ಸುಮ್ಮನಿರುತ್ತದೆ. ಈ ಪರೀಕ್ಷೆಯನ್ನು ಗೋಡೆಯ ಮೇಲೆ ಮಾಡಬಾರದು.

ಆ ನೊರೆಯಲ್ಲೇ ಇಡೀ ವಿಷಯದ ಮರ್ಮವಿದೆ. ಶಹಾಬಾದ್ ಕಲ್ಲಿನ ಮುಖ್ಯ ಅಂಶ ಕ್ಯಾಲ್ಸಿಯಂ ಕಾರ್ಬೊನೇಟ್. ಬಚ್ಚಲು ತೊಳೆಯಲು ತರುವ ಹೈಡ್ರೊಕ್ಲೋರಿಕ್ ಆ್ಯಸಿಡ್ ತಗುಲಿದೊಡನೆ ಅದು ಕರಗಿ, ಇಂಗಾಲದ ಡೈಆಕ್ಸೈಡ್ ಗುಳ್ಳೆಯಾಗಿ ಹಾರಿಹೋಗುತ್ತದೆ. ಕೊಳೆ ಹೋದಂತೆ ಕಾಣುವುದೇನೋ ನಿಜ, ಆದರೆ ಕೊಳೆ ಕೂತಿದ್ದ ಕಲ್ಲಿನ ಪದರವೇ ಅದರ ಜೊತೆ ಹೋಗಿರುತ್ತದೆ. ಉಳಿದ ಮೈ ತರಕಲಾಗಿ, ಮುಂದಿನ ಧೂಳು ಮತ್ತು ಹಾವಸೆ ಮೊದಲಿಗಿಂತ ಬೇಗ ಹಿಡಿಯುತ್ತವೆ. ಈ ಕ್ರಿಯೆಯಲ್ಲಿ ಹುಟ್ಟುವ ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯ ತೇವ ಹೀರುವ ಲವಣ. ಅದು ಕಲ್ಲಿನ ರಂಧ್ರಗಳಲ್ಲಿ ಉಳಿದು ಗೋಡೆಯನ್ನು ಹಸಿಯಾಗಿಯೇ ಇಡುತ್ತದೆ. ಗ್ರಾನೈಟಿಗೆ ಆ್ಯಸಿಡ್ ಏನೂ ಮಾಡದು ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಅದರ ಕಪ್ಪು ಅಭ್ರಕದಲ್ಲಿರುವ ಕಬ್ಬಿಣ ಹೊರಬಂದು ಹಳದಿ, ತುಕ್ಕು ಬಣ್ಣದ ಕಲೆಗಳಾಗುತ್ತವೆ. ಕಲ್ಲು ತಾಳಿದರೂ ಸಂದುಗಳಲ್ಲಿರುವ ಗಾರೆ ತಾಳುವುದಿಲ್ಲ, ಏಕೆಂದರೆ ಅದೂ ಸುಣ್ಣವೇ. ಅಗ್ಗಕ್ಕೆ, ಸುಲಭಕ್ಕೆ ಕೈಗೆ ಸಿಗುವ ವಸ್ತುವೇ ಈ ಸೀಮೆಯ ಕಲ್ಲಿಗೆ ಎಲ್ಲಕ್ಕಿಂತ ಕೆಟ್ಟದ್ದು.

ಇನ್ನು ಕಲೆಗಳ ವಿಚಾರ. ಒಣ ಧೂಳಿಗೆ ಮೆತ್ತನೆಯ ಬ್ರಷ್ ಸಾಕು. ಸಿಮೆಂಟ್ ಕಾರ್ಖಾನೆ ಹತ್ತಿರವಿರುವ ಊರುಗಳಲ್ಲಿ ಧೂಳನ್ನು ಒಣಗಿದ್ದಾಗಲೇ ಝಾಡಿಸಿ ತೆಗೆಯಬೇಕು. ಮೊದಲೇ ನೀರು ಹಾಕಿದರೆ ಅದರಲ್ಲಿರುವ ಸಿಮೆಂಟಿನ ಅಂಶ ಗಟ್ಟಿಯಾಗಿ ಕಲ್ಲಿಗೆ ಅಂಟುತ್ತದೆ.

ಮಿಕ್ಕ ಬಹುಪಾಲು ಕೊಳೆಗೆ ಬರಿಯ ನೀರೇ ಮೊದಲ ಮದ್ದು. ಇಲ್ಲಿ ಬೇಕಾದದ್ದು ರಭಸವಲ್ಲ, ತಾಳ್ಮೆ. ಗೋಡೆಯನ್ನು ಸಣ್ಣ ಸಣ್ಣ ಭಾಗಗಳಾಗಿ ಮಾಡಿಕೊಂಡು, ಸಣ್ಣ ತುಂತುರಿನಲ್ಲಿ ಆಗಾಗ ನೆನೆಸಿ, ಕೊಳೆ ಸಡಿಲಾದ ಮೇಲೆ ತೆಂಗಿನ ನಾರಿನ ಅಥವಾ ನೈಲಾನ್ ಬ್ರಷ್‌ನಿಂದ ಉಜ್ಜಬೇಕು. ಸಾಬೂನು ದ್ರಾವಣ ಬಳಸುವುದಾದರೆ ಕೆಳಗಿನಿಂದ ಮೇಲಕ್ಕೆ ಹಚ್ಚುತ್ತ ಹೋಗುವುದು ಒಳ್ಳೆಯದು. ಮೇಲಿನಿಂದ ಶುರು ಮಾಡಿದರೆ ಕೊಳೆನೀರು ಒಣಗೋಡೆಯ ಮೇಲೆ ಇಳಿದು ಪಟ್ಟೆಗಳು ಉಳಿಯುತ್ತವೆ. ತಂತಿ ಬ್ರಷ್ ಬೇಡವೇ ಬೇಡ. ಅದರ ಎಳೆಗಳು ಮುರಿದು ಕಲ್ಲಿನ ಬಿರುಕುಗಳಲ್ಲಿ ಸಿಕ್ಕಿ, ಮೊದಲ ಮಳೆಗೇ ತುಕ್ಕಿನ ಚುಕ್ಕೆಗಳಾಗುತ್ತವೆ. ಬಟ್ಟೆ ಒಗೆಯುವ ಸೋಡಾ, ಕಾಸ್ಟಿಕ್ ಸೋಡಾ ಕೂಡ ಗೋಡೆಯೊಳಗೆ ಲವಣ ಬಿಟ್ಟುಹೋಗುವಂಥವು. ಆಮ್ಲವೂ ಕ್ಷಾರವೂ ಅಲ್ಲದ ತಟಸ್ಥ ಸಾಬೂನನ್ನು ನೀರಿನಲ್ಲಿ ತೆಳ್ಳಗೆ ಕದಡಿ ಬಳಸಿ, ಚೆನ್ನಾಗಿ ತೊಳೆದುಬಿಟ್ಟರೆ ಸಾಕಾಗುತ್ತದೆ.

ಕಾರು ತೊಳೆಯುವ ಯಂತ್ರಗಳ ಒತ್ತಡ ಸಾಮಾನ್ಯವಾಗಿ 100 ಬಾರ್ ಆಸುಪಾಸು ಇರುತ್ತದೆ. ಹಳೆಯ ಕಲ್ಲಿಗೆ 7 ಬಾರ್ ಒಳಗಿನ ಒತ್ತಡವನ್ನೇ ಸೌಮ್ಯವೆನ್ನುವುದು. ಪದರಗಲ್ಲಿಗೆ ಅಂಥ ಯಂತ್ರದ ನೀರು ಬಡಿದರೆ ಪದರಗಳ ಅಂಚು ಎದ್ದು ಚಕ್ಕೆ ಬೀಳುತ್ತದೆ. ಸಂದಿನ ಗಾರೆ ಕಿತ್ತುಬಂದು ನೀರು ಗೋಡೆಯ ಹೊಟ್ಟೆ ಸೇರುತ್ತದೆ. ಚಪ್ಪಡಿಗಳನ್ನು ಅಡ್ಡಲಾಗಿ ಮಲಗಿಸಿ ಕಟ್ಟಿದ ಗೋಡೆ ಸ್ವಲ್ಪ ತಾಳೀತು. ಅಂದಕ್ಕೆಂದು ನಿಲ್ಲಿಸಿ ಅಂಟಿಸಿದ ಚಪ್ಪಡಿ ತಾಳುವುದಿಲ್ಲ. ಮರಳು ಚಿಮ್ಮಿಸುವ ವಿಧಾನ ಇನ್ನೂ ಘೋರ. ತಮಿಳುನಾಡಿನ ಹಲವು ದೇವಾಲಯಗಳಲ್ಲಿ ಇದನ್ನು ಬಳಸಿ ಶಿಲ್ಪಗಳ ನಯ ಕೆಟ್ಟಿತು, ಶಾಸನದ ಅಕ್ಷರಗಳು ಸವೆದವು. ಉಕ್ಕಿನ ಕಂಬಿಯ ತುಕ್ಕು ತೆಗೆಯುವ ಈ ಉಪಾಯಕ್ಕೆ ಕಲ್ಲಿನ ಗೋಡೆಯ ಮೇಲೆ ಜಾಗವಿಲ್ಲ.

ಮಳೆಗಾಲದ ನಂತರ ಗೋಡೆಯ ಮೇಲೆ ಕಾಣುವ ಕಪ್ಪು, ಹಸಿರು ಮಡ್ಡಿ ಬಹುಮಟ್ಟಿಗೆ ಹಾವಸೆ ಮತ್ತು ಕಲ್ಲುಹೂ. ಬ್ಲೀಚಿಂಗ್ ಪುಡಿ ಅದನ್ನು ಬೆಳ್ಳಗೆ ಮಾಡುತ್ತದೆ, ಜೊತೆಗೇ ಲವಣವನ್ನೂ ಬಿಟ್ಟುಹೋಗುತ್ತದೆ. ಒಣಗಿದ್ದಾಗ ಮರದ ಇಲ್ಲವೆ ಬಿದಿರಿನ ಚಕ್ಕೆಯಿಂದ ಮೆಲ್ಲಗೆ ಕೆರೆದು, ಬೆನ್ಜಾಲ್ಕೋನಿಯಂ ಕ್ಲೋರೈಡಿನಂಥ ಜೀವಿನಾಶಕದ ತೆಳು ದ್ರಾವಣ ಹಚ್ಚಿ, ಕೆಲವು ದಿನ ಬಿಟ್ಟು ಸತ್ತ ಮಡ್ಡಿಯನ್ನು ಉಜ್ಜಿ ತೊಳೆಯುವುದು ಸರಿಯಾದ ದಾರಿ. ಮಾಳಿಗೆಯ ನೀರು ಅದೇ ಜಾಗಕ್ಕೆ ಸೋರುತ್ತಿದ್ದರೆ ಹಾವಸೆ ಮತ್ತೆ ಬರುವುದು ಖಂಡಿತ. ಹೀಗಾಗಿ ಮೊದಲು ದೋಣಿ, ಪೈಪು ಸರಿಪಡಿಸಬೇಕು. ಸಂದುಗಳಲ್ಲಿ ಚಿಗುರಿದ ಅರಳಿ, ಬಸರಿ ಸಸಿಯನ್ನು ಜಗ್ಗಿ ಕಿತ್ತರೆ ಬೇರಿನ ಜೊತೆ ಗಾರೆಯೂ ಬರುತ್ತದೆ. ಬುಡಕ್ಕೆ ಕತ್ತರಿಸಿ ಬೇರನ್ನು ಸಾಯಿಸಿದ ಮೇಲೆಯೇ ಬಿಡಿಸಬೇಕು.

ಸುರಪುರ, ಶಹಾಪುರ ತಾಲೂಕುಗಳಿಗೆ ಇನ್ನೊಂದು ಕಾಟವಿದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಭತ್ತದ ಬೆಳೆ ಬಂತು. ಅದರ ಬೆನ್ನಿಗೇ ಹಲವು ಕಡೆ ಸವಳು–ಜವಳು ಸಮಸ್ಯೆಯೂ ಬಂತು. ನೆಲದಲ್ಲಿ ಕರಗಿದ ಲವಣ ತೇವದ ಜೊತೆ ಗೋಡೆಯ ಬುಡದಿಂದ ಮೇಲೇರುತ್ತದೆ. ನೀರು ಆರಿದಾಗ ಲವಣ ಹರಳುಗಟ್ಟಿ ಹಿಗ್ಗುತ್ತದೆ. ಅದು ಕಲ್ಲಿನ ಹೊರಗೆ ಹರಳುಗಟ್ಟಿದರೆ ಬಿಳಿ ಪುಡಿಯಾಗಿ ಕಾಣುತ್ತದೆ, ಮೈಯ ಹಿಂದೆಯೇ ಹರಳುಗಟ್ಟಿದರೆ ಪದರವನ್ನೇ ಸಿಡಿಸಿ ಹಾಕುತ್ತದೆ. ಇದನ್ನು ನೀರು ಹಾಕಿ ತೊಳೆಯುವುದೆಂದರೆ ಲವಣವನ್ನು ಮತ್ತೆ ಕರಗಿಸಿ ಒಳಕ್ಕೆ ಕಳಿಸಿದಂತೆ. ಪುಡಿಯನ್ನು ಒಣಗಿದ್ದಾಗ ಗುಡಿಸಿ ತೆಗೆದು ಮನೆಯಿಂದ ದೂರ ಹಾಕಬೇಕು. ಉಳಿದದ್ದಕ್ಕೆ ಕಾಗದದ ತಿರುಳು ಇಲ್ಲವೆ ಮುಲ್ತಾನಿ ಮಿಟ್ಟಿಯನ್ನು ಶುದ್ಧ ನೀರಿನಲ್ಲಿ ಕಲಸಿ ದಪ್ಪಗೆ ಮೆತ್ತಬೇಕು. ಲೇಪ ಒಣಗುತ್ತ ಲವಣವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಪೂರ್ತಿ ಒಣಗಿದ ಮೇಲೆ ಕಿತ್ತು ಎಸೆಯುವುದು, ಬೇಕಾದರೆ ಮತ್ತೆ ಮೆತ್ತುವುದು. ತಾಜಮಹಲಿನ ಹಳದಿಗಟ್ಟಿದ ಅಮೃತಶಿಲೆಗೆ ಭಾರತೀಯ ಪುರಾತತ್ವ ಇಲಾಖೆ 1994ರಿಂದ ಹಲವು ಸಲ ಹಚ್ಚಿರುವುದೂ ಮುಲ್ತಾನಿ ಮಿಟ್ಟಿಯ ಲೇಪವನ್ನೇ. ಸವಳು ಹಿಡಿದ ಗೋಡೆಯ ಸಂದುಗಳಿಗೆ ಸಿಮೆಂಟ್ ತುಂಬುವುದು, ಮೇಲೆ ವಾರ್ನಿಶ್ ಬಳಿಯುವುದು ಎರಡೂ ತಪ್ಪು. ಹೊರಬರುವ ದಾರಿ ಮುಚ್ಚಿದ ತೇವ ಕಲ್ಲನ್ನೇ ಒಡೆಯುತ್ತದೆ.

ಗುಡಿಗಳ ಗೋಡೆಯ ಮೇಲಿನ ಎಣ್ಣೆಮಸಿಗೆ ತಟಸ್ಥ ಸಾಬೂನಿನ ಜೊತೆ ತೆಳು ಅಮೋನಿಯಾ ದ್ರಾವಣ ಕೆಲಸ ಮಾಡುತ್ತದೆ. ಎಣ್ಣೆಬಣ್ಣಕ್ಕೆ ಬಣ್ಣ ತೆಗೆಯುವ ಮುದ್ದೆಯಂಥ ದ್ರಾವಕವಿದೆ. ನಿಜವಾಗಿ ಸತಾಯಿಸುವುದು ವರ್ಷಾನುಗಟ್ಟಲೆ ಬಳಿದ ಸುಣ್ಣ. ಗ್ರಾನೈಟಿನ ಮೇಲಾದರೆ ತೀರ ತೆಳುವಾದ ಅಸಿಟಿಕ್ ಆಮ್ಲವನ್ನು ತಜ್ಞರು ಎಚ್ಚರದಿಂದ ಬಳಸಬಹುದು. ಶಹಾಬಾದ್ ಕಲ್ಲಿನ ಮೇಲೆ ಅದೂ ಆಗದು. ಗಟ್ಟಿಯಾದ ಸುಣ್ಣವೂ ಆ ಕಲ್ಲೂ ಒಂದೇ ರಾಸಾಯನಿಕವಾದ್ದರಿಂದ ಆಮ್ಲಕ್ಕೆ ಇವೆರಡರ ಭೇದ ತಿಳಿಯುವುದಿಲ್ಲ. ಅಲ್ಲಿ ನೆನೆಸಿ, ಬಿದಿರಿನ ಚಕ್ಕೆಯಿಂದ ಪದರ ಪದರವಾಗಿ ಎಬ್ಬಿಸುವುದೊಂದೇ ದಾರಿ. ಪೂರ್ತಿ ಬರದಿದ್ದರೆ ಅಷ್ಟಕ್ಕೇ ಬಿಡುವುದು ಲೇಸು.

ಯಾವ ವಿಧಾನವಾದರೂ ಮೊದಲು ಗೋಡೆಯ ಮರೆಯ ಮೂಲೆಯಲ್ಲಿ ಗೇಣಗಲ ಜಾಗದಲ್ಲಿ ಮಾಡಿ ನೋಡಬೇಕು. ತೀರ ಸೌಮ್ಯವಾದದ್ದರಿಂದ ಶುರು ಮಾಡಿ, ಕೆಲವು ವಾರ ಕಾದು, ಕಲ್ಲು ಪೂರ್ತಿ ಆರಿದ ಮೇಲೆ ಬಣ್ಣ ಹೇಗಿದೆ, ಬಿಳಿ ಪುಡಿ ಎದ್ದಿದೆಯೇ ಎಂದು ನೋಡಿ ಮುಂದುವರಿಯಬೇಕು. ಕಾಲದ ಆಯ್ಕೆಯೂ ಮುಖ್ಯ. ಈ ಸೀಮೆಯ ಬೇಸಿಗೆಯಲ್ಲಿ ಹಚ್ಚಿದ ದ್ರಾವಣ ತೊಳೆಯುವ ಮೊದಲೇ ಕಲ್ಲಿನ ಮೇಲೆ ಒಣಗಿಬಿಡುತ್ತದೆ, ಮಳೆಗಾಲದಲ್ಲಿ ಗೋಡೆ ಆರುವುದಿಲ್ಲ. ದೀಪಾವಳಿಯಿಂದ ಶಿವರಾತ್ರಿಯವರೆಗಿನ ದಿನಗಳು ಅನುಕೂಲ. ಕೆಲಸ ವಹಿಸುವಾಗ ಗೌಂಡಿಗೆ ಯಾವ ವಸ್ತು ಬಳಸಬಾರದೆಂಬುದನ್ನು ಮುಂಚೆಯೇ ಸ್ಪಷ್ಟವಾಗಿ ಹೇಳಬೇಕು.

ಸಂರಕ್ಷಿತ ಸ್ಮಾರಕಗಳಿಗೆ ಈ ಯಾವುದನ್ನೂ ಊರವರೇ ಮಾಡುವಂತಿಲ್ಲ. ಕೇಂದ್ರದ 1958ರ ಕಾಯ್ದೆ, ಕರ್ನಾಟಕದ 1961ರ ಕಾಯ್ದೆ ಅವುಗಳಿಗೆ ರಕ್ಷಣೆ ಕೊಟ್ಟಿವೆ. ಕೆಂಭಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಿವೆ. ಸುತ್ತಲಿನ ಊರುಗಳ ಗುಡಿಯ ಗೋಡೆಗಳಲ್ಲೂ ಕಟ್ಟೆಗಳಲ್ಲೂ ಅಕ್ಷರವಿರುವ ಕಲ್ಲು ಸಿಗಬಹುದು. ಜಾತ್ರೆಗೆಂದು ಗುಡಿ ತೊಳೆಯುವಾಗ ಅಂಥ ಕಲ್ಲು ಕಂಡರೆ ಅದನ್ನು ಉಜ್ಜದೆ, ಸುಣ್ಣ ಬಣ್ಣ ಬಳಿಯದೆ, ಹಾಗೇ ಬಿಟ್ಟು ಪುರಾತತ್ವ ಇಲಾಖೆಗೆ ತಿಳಿಸಬೇಕು.