ಮೊಟ್ಟೆಯೊಳಗಿನ ಬೆಳ್ಳಿ ಕಣ್ಣು

ಕಲ್ಲಿಗೆ ಒತ್ತೊತ್ತಾಗಿ ಅಂಟಿಕೊಂಡ ನೂರಾರು ಮೊಟ್ಟೆಗಳು. ಒಂದೊಂದೂ ಸುಮಾರು 2 ಮಿಲಿಮೀಟರ್ ಉದ್ದ. ಒಂದೊಂದರ ಒಳಗೂ ಬೆಳ್ಳಿಯಂತೆ ಹೊಳೆಯುವ ಜೋಡಿ ಕಣ್ಣು. ಮೈಸೂರಿನ ಒಂದು ಮನೆಯ ಹಜಾರದಲ್ಲಿ ಕಟ್ಟುಹಾಕಿಸಿ ತೂಗುಬಿಟ್ಟಿರುವ ಈ ಚಿತ್ರವನ್ನು ನೋಡಲೆಂದೇ ನಾನು ಹೋದದ್ದು. ತೆಗೆದವರು ಅಗ್ರಹಾರದ ಬಳಿ ಬಹುಕಾಲ ಸ್ಟುಡಿಯೊ ನಡೆಸಿದವರು. ಬೀದಿಯ ಮಕ್ಕಳಿಗೆ ಈಗಲೂ ‘ಸ್ಟುಡಿಯೊ ತಾತ’. ಕೈಕೈಗೂ ಮೊಬೈಲ್ ಬಂದ ಮೇಲೆ ಅಂಗಡಿ ಮುಚ್ಚಿದರು. ಮಗ ತಂದಿಟ್ಟ ಉಪ್ಪುನೀರಿನ ಅಕ್ವೇರಿಯಂ ಮನೆಯಲ್ಲಿತ್ತು. ಅದರ ಮುಂದೆ ಕುಳಿತು ಮ್ಯಾಕ್ರೊ ಛಾಯಾಗ್ರಹಣ ಕಲಿತರು.

ಮೊಟ್ಟೆಗಳು ಕ್ಲೌನ್ ಮೀನಿನವು. ಈ ಮೀನುಗಳ ಜೋಡಿಯಲ್ಲಿ ಹೆಣ್ಣೇ ದೊಡ್ಡದು. ಅದು ಸತ್ತರೆ ಗಂಡೇ ಹೆಣ್ಣಾಗಿ ಮಾರ್ಪಡುತ್ತದೆ. ಮೊಟ್ಟೆ ಕಾಯುವ ಕೆಲಸ ಹೆಚ್ಚಾಗಿ ಗಂಡಿನದು: ರೆಕ್ಕೆಯಿಂದ ನೀರು ಬೀಸುತ್ತದೆ, ಸತ್ತ ಮೊಟ್ಟೆಯನ್ನು ಬಾಯಿಂದ ಆಯ್ದು ತೆಗೆಯುತ್ತದೆ. ಮೊದಲ ದಿನ ಕಿತ್ತಳೆ ಬಣ್ಣ, ಆಮೇಲೆ ಕಂದು, ಕೊನೆಕೊನೆಗೆ ಕಣ್ಣು. ಸುಮಾರು ಒಂದು ವಾರದಲ್ಲಿ ಇದೆಲ್ಲ ಮುಗಿದುಹೋಗುತ್ತದೆ. ತಾತ ಪ್ರತಿ ಸಂಜೆ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಟ್ರೈಪಾಡ್ ಊರುತ್ತಾರೆ. ನೆಲದ ಮೇಲೆ ಅದರ ಕಾಲುಗಳಿಗೆ ಸೀಮೆಸುಣ್ಣದ ಗುರುತಿದೆ.

‘ಸ್ಟುಡಿಯೊದಲ್ಲಿ ಗದ್ದ ಎತ್ತಿ ಅಂದ್ರೆ ಎತ್ತುತ್ತಿದ್ದರು. ಇಲ್ಲಿ ನಾನೇ ಅವರು ಹೇಳಿದ ಹಾಗೆ ಕೂರಬೇಕು’ ಎಂದರು. ಮೀನುಗಳನ್ನು ಅವರು ಕರೆಯುವುದು ‘ಅವರು’ ಎಂದೇ.

ಮ್ಯಾಕ್ರೊ ಎಂದರೆ ವಸ್ತು ಇರುವಷ್ಟೇ ಗಾತ್ರದಲ್ಲಿ ಸೆನ್ಸರಿನ ಮೇಲೆ ಮೂಡಬೇಕು. ಅಷ್ಟು ಹತ್ತಿರ ಹೋದಾಗ ಎಫ್/8 ಅಪರ್ಚರಿನಲ್ಲಿ (ಲೆನ್ಸಿನ ಕಿಂಡಿಯ ಅಳತೆ) ಸ್ಪಷ್ಟವಾಗಿ ಕಾಣುವ ಪದರ ಹೆಚ್ಚುಕಡಿಮೆ 1 ಮಿಲಿಮೀಟರ್, ಅಂದರೆ ಅರ್ಧ ಮೊಟ್ಟೆ. ಕಣ್ಣಿಗೆ ಫೋಕಸ್ ಸಿಕ್ಕರೆ ಬಾಲ ಮಸುಕು. ಅಪರ್ಚರನ್ನು ತೀರ ಕಿರಿದು ಮಾಡಿದರೆ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಲೆನ್ಸ್ ಗಾಜಿಗೆ ನೇರವಾಗಿರಬೇಕು; ಓರೆಯಾದರೆ ಬೆಳಕು ಬಾಗಿ ಅಂಚುಗಳಲ್ಲಿ ಬಣ್ಣ ಒಡೆಯುತ್ತದೆ. ಗಾಜಿನ ಒಳಗಿನ ಪಾಚಿಯನ್ನು ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆಯುತ್ತಾರೆ, ಹಜಾರದ ದೀಪ ಆರಿಸಿ ತಲೆಯ ಮೇಲೆ ಕಪ್ಪು ಬಟ್ಟೆ ಎಳೆದುಕೊಳ್ಳುತ್ತಾರೆ. ನೀರು ಅಲುಗಬಾರದೆಂದು ಪಂಪ್ ನಿಲ್ಲಿಸುತ್ತಾರೆ. ಮತ್ತೆ ಹಾಕುವುದನ್ನು ನೆನಪಿಸುವ ಹೊಣೆ ಹೆಂಡತಿಯದು. ‘ಏನೂಂದ್ರೆ, ಪಂಪು!’ ಎಂದು ಅಡುಗೆಮನೆಯಿಂದ ಕೂಗು ಬರುತ್ತದೆ.

ಅಕ್ವೇರಿಯಂನ ನೀಲಿ ಎಲ್‌ಇಡಿ ಬೆಳಕು ಬೇರೆಯೇ ತೊಡಕು. ನಮ್ಮ ಕಣ್ಣಿಗೆ ಚೆಂದ ಕಾಣುವುದು ಕ್ಯಾಮೆರಾಗೆ ಬರೀ ನೀಲಿ. ಬಿಳಿ ದೀಪ ಹೆಚ್ಚಿಸಿ, ರಾ ಫೈಲಿನಲ್ಲಿ ತೆಗೆದು ಆಮೇಲೆ ಬಣ್ಣ ಸರಿಪಡಿಸುವುದು ಒಂದು ದಾರಿ. ಲೆನ್ಸಿನ ಮುಂದೆ ಹಳದಿ ಫಿಲ್ಟರ್ ಇಟ್ಟು, ಹವಳಜೀವಿಗಳು ತಾವೇ ಹೊಮ್ಮಿಸುವ ಹಸಿರು, ಕೆಂಪನ್ನು ಹಿಡಿಯುವುದು ಇನ್ನೊಂದು. ಆ ಕೆಂಪಿಗೆ ದೊಡ್ಡ ಚರಿತ್ರೆಯಿದೆ. ಡಿಸ್ಕೊಸೋಮ ಎಂಬ ಜೀವಿಯಲ್ಲಿ ರಷ್ಯದ ವಿಜ್ಞಾನಿಗಳು ಕಂಡುಕೊಂಡು 1999ರಲ್ಲಿ ಪ್ರಕಟಿಸಿದ ಕೆಂಪು ಪ್ರೋಟೀನು ಈಗ ಜಗತ್ತಿನ ಪ್ರಯೋಗಾಲಯಗಳಲ್ಲಿ ಜೀವಕೋಶಗಳನ್ನು ಗುರುತಿಸಲು ಬಳಕೆಯಾಗುತ್ತಿದೆ.

ಮೀನಿನ ಚಿತ್ರದ ಇತಿಹಾಸವೂ ಹಳೆಯದೇ. 1853ರಲ್ಲಿ ಲಂಡನ್ ಮೃಗಾಲಯ ಸಾರ್ವಜನಿಕ ಅಕ್ವೇರಿಯಂ ತೆರೆಯಿತು. ಮರುವರ್ಷ ನಿಸರ್ಗಶಾಸ್ತ್ರಜ್ಞ ಫಿಲಿಪ್ ಹೆನ್ರಿ ಗಾಸ್ ತಾವೇ ಬರೆದ ಬಣ್ಣದ ಚಿತ್ರಗಳೊಂದಿಗೆ ‘ದಿ ಅಕ್ವೇರಿಯಂ’ ಪುಸ್ತಕ ತಂದರು. 1926ರಲ್ಲಿ ಮೀನುತಜ್ಞ ಲಾಂಗ್ಲಿ ಮತ್ತು ಛಾಯಾಗ್ರಾಹಕ ಮಾರ್ಟಿನ್ ಫ್ಲಾರಿಡಾದ ಕಡಲಲ್ಲಿ ಮೆಗ್ನೀಸಿಯಂ ಪುಡಿ ಸಿಡಿಸಿ, ಆ ಬೆಳಕಿನಲ್ಲಿ ನೀರೊಳಗಿನ ಮೀನನ್ನು ಬಣ್ಣದಲ್ಲಿ ಸೆರೆಹಿಡಿದರು.

ತಾತನ ತೊಟ್ಟಿಯಲ್ಲಿ ಕಲ್ಲುಹವಳ ಇಲ್ಲ; ಇರಕೂಡದು ಕೂಡ. ದಿಬ್ಬ ಕಟ್ಟುವ ಹವಳಗಳೆಲ್ಲ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅವರಲ್ಲಿರುವುದು ಜೋವಾಂಥಿಡ್ ಎಂಬ, ಗುಂಡಿಯಷ್ಟಗಲದ ಮೆತ್ತನೆಯ ಹವಳಬಂಧುಗಳು ಮಾತ್ರ. ಈ ಕಾಯ್ದೆ ಇರಲೇಬೇಕು ಎಂಬುದು ಅವರ ಮಾತು, ನನ್ನದೂ ಅದೇ. ಮೈಸೂರಿನಲ್ಲೇ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನವರು ಲಕ್ಷದ್ವೀಪದ ಹವಳ ದಿಬ್ಬಗಳನ್ನು ವರ್ಷಾನುಗಟ್ಟಲೆ ಗಮನಿಸುತ್ತ ಬಂದಿದ್ದಾರೆ. 1998, 2010, 2016ರಲ್ಲಿ ಕಡಲು ಕಾದು ಅಲ್ಲಿನ ಹವಳ ಬೆಳ್ಳಗಾಯಿತು. ನಮ್ಮ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲೂ ಹವಳವಿದೆ. ಮುಳುಗು ಹಾಕಿ ಅದನ್ನು ಕಂಡವರು ನಮ್ಮಲ್ಲಿ ಎಷ್ಟು ಜನ? ಕಲ್ಲಿನಂತೆ ಕಾಣುವುದಕ್ಕೆ ಬಾಯಿದೆ, ಕೈಗಳಿವೆ ಎಂದು ಒಮ್ಮೆ ಲೆನ್ಸಿನಲ್ಲಿ ನೋಡಿದ ಮಗು ಅದನ್ನು ಮುರಿದು ಜೇಬಿಗೆ ಹಾಕಿಕೊಳ್ಳಲಾರದು ಎಂದು ನಾನು ನಂಬುತ್ತೇನೆ. ಇಂಥ ತೊಟ್ಟಿ, ಇಂಥ ಮೇಷ್ಟ್ರು ಶಾಲೆಗಳಿಗೆ ಸಿಗಬೇಕು.

ದೀಪ ಆರಿದ ಮೇಲೆ, ಕತ್ತಲಲ್ಲಿ ಮೊಟ್ಟೆ ಒಡೆಯುತ್ತದೆ. ಹೊರಬಂದ ಮರಿಗೆ ರೋಟಿಫರ್ ಎಂಬ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜೀವಿಯೇ ಮೊದಲ ಆಹಾರ. ಅದನ್ನು ಬೇರೆ ತೊಟ್ಟಿಯಲ್ಲಿ, ಹಸಿರು ಪಾಚಿ ನೀರಿನಲ್ಲಿ ಬೆಳೆಸಬೇಕು. ತಾತನ ಮನೆಯಲ್ಲಿ ಅದಿಲ್ಲ. ಬೆಳಗಾಗುವುದರೊಳಗೆ ಮರಿಗಳು ಫಿಲ್ಟರಿನ ಪಾಲೋ ಉಳಿದ ಮೀನುಗಳ ಪಾಲೋ ಆಗಿರುತ್ತವೆ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮರಿಗಳನ್ನು ಬೆಳೆಸುವ ವಿಧಾನ ರೂಪಿಸಿದ್ದಾರೆ. ಅದನ್ನು ಕಲಿತು ತಾರಸಿಯ ಮೇಲೆ ಬಕೆಟ್ಟುಗಳನ್ನು ಇಡಬೇಕೆಂದು ತಾತ ಹೇಳುತ್ತಲೇ ಇದ್ದಾರೆ. ‘ಮೆಟ್ಟಿಲು ಹತ್ತೋಕೆ ಮಂಡಿ ಬಿಡಬೇಕಲ್ಲ’ ಎನ್ನುತ್ತಾರೆ. ಮರಿಯ ಮೈಮೇಲೆ ಮೊದಲ ಬಿಳಿ ಪಟ್ಟಿ ಮೂಡುವ ಚಿತ್ರಕ್ಕೆಂದು ಗೋಡೆಯಲ್ಲಿ ಮೊಳೆಯೊಂದನ್ನು ಹೊಡೆದಿಟ್ಟಿದ್ದಾರೆ.