ಸಿಪ್ಪೆಯಿಂದ ಸಂಡಿಗೆಯವರೆಗೆ

ಅಡುಗೆಯಲ್ಲಿ ಉಳಿದದ್ದನ್ನು, ಹೆಚ್ಚುವಾಗ ಬಿದ್ದ ಸಿಪ್ಪೆ, ತಿರುಳು, ಬೀಜಗಳನ್ನು ಇನ್ನೊಂದು ತಿನಿಸಾಗಿಸುವುದು ಕರ್ನಾಟಕದ ಮನೆಗಳಲ್ಲಿ ಬಹುಕಾಲದಿಂದ ಬಂದ ಕುಶಲತೆ. ಹುಳಿ, ಉಪ್ಪು, ಬಿಸಿಲು, ಒಗ್ಗರಣೆ ಇವಿಷ್ಟೇ ಅದರ ಬಂಡವಾಳ. ಫ್ರಿಜ್ ಉಳಿದ ಪದಾರ್ಥವನ್ನು ಇದ್ದ ಹಾಗೇ ಇನ್ನೆರಡು ದಿನ ಮುಂದೂಡುತ್ತದೆ. ಹಳೆಯ ಅಡುಗೆಮನೆ ಅದನ್ನು ಬೇರೆಯದೇ ಪದಾರ್ಥ ಮಾಡಿ ಮುಗಿಸುತ್ತಿತ್ತು.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ, 2022ರಲ್ಲಿ ಜಗತ್ತಿನಾದ್ಯಂತ ಸುಮಾರು 105 ಕೋಟಿ ಟನ್ ಆಹಾರ ಪೋಲಾಯಿತು. ಅದರಲ್ಲಿ ಶೇ 60ರಷ್ಟು ಪಾಲು ಹೋಟೆಲು, ಅಂಗಡಿಗಳದ್ದಲ್ಲ, ಮನೆಗಳದ್ದು. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೊ. ಸಿಪ್ಪೆ, ಮೂಳೆಗಳೂ ಈ ತೂಕದಲ್ಲಿ ಸೇರಿವೆ. ಆದರೆ ಯಾವ ಸಿಪ್ಪೆ ಕಸ, ಯಾವುದು ತರಕಾರಿ ಎಂಬುದು ಊರಿಂದೂರಿಗೆ ಬೇರೆ.

ಹೀರೇಕಾಯಿ ಸಿಪ್ಪೆ ಚಟ್ನಿ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲು ಕಾಯಿಯ ತುದಿಯ ಚೂರನ್ನು ಬಾಯಿಗೆ ಹಾಕಿ ನೋಡಬೇಕು. ಕಹಿಯಿದ್ದರೆ ಇಡೀ ಕಾಯನ್ನೇ ಎಸೆಯಬೇಕು, ಅಲ್ಲಿ ಉಳಿತಾಯದ ಮಾತಿಲ್ಲ. ಕಹಿಯಿಲ್ಲದಿದ್ದರೆ ಏಣುಗಳನ್ನೂ ಸಿಪ್ಪೆಯನ್ನೂ ಹೆರೆದು, ನೀರಿನಂಶ ಆರುವವರೆಗೆ ಎಣ್ಣೆಯಲ್ಲಿ ಬಾಡಿಸುತ್ತಾರೆ. ಹುರಿದ ಉದ್ದಿನಬೇಳೆ, ಒಣಮೆಣಸಿನಕಾಯಿ, ಕಾಯಿತುರಿ, ಹುಣಸೆಹಣ್ಣು, ಚೂರು ಬೆಲ್ಲ ಸೇರಿಸಿ ತರಿತರಿಯಾಗಿ ರುಬ್ಬಿ, ಇಂಗಿನ ಒಗ್ಗರಣೆ ಕೊಡುತ್ತಾರೆ. ಅದೇ ದಿನ ತಿರುಳಿನ ಪಲ್ಯವೂ ಮಾಡಿದ್ದರೆ ಮೊದಲು ಖಾಲಿಯಾಗುವುದು ಬಹುಶಃ ಚಟ್ನಿಯೇ. ಕಿತ್ತಳೆ ಸಿಪ್ಪೆ ಗೊಜ್ಜಾಗುತ್ತದೆ, ದಾಳಿಂಬೆ ಸಿಪ್ಪೆ ತಂಬುಳಿಯಾಗುತ್ತದೆ. ಕಲ್ಲಂಗಡಿಯ ಕೆಂಪು ತಿಂದ ಮೇಲೆ ಉಳಿಯುವ ಬಿಳಿ ಭಾಗವನ್ನು ನೆನೆದ ಅಕ್ಕಿಯ ಜೊತೆ ರುಬ್ಬಿ ಕರಾವಳಿಯವರು ದೋಸೆ ಹೊಯ್ಯುತ್ತಾರೆ.

ಹಲಸಿನ ವಿಷಯದಲ್ಲಿ ಈ ಜಾಣ್ಮೆ ಇನ್ನೂ ದೂರ ಹೋಗಿದೆ. ಬೇಸಿಗೆಯ ಕೊನೆಗೆ ಒಂದೇ ಸಲ ಬಂದು ಬೀಳುವ ಇಷ್ಟೊಂದು ಹಲಸನ್ನು ಯಾವ ಮನೆಯವರೂ ತಿಂದು ಮುಗಿಸಲಾರರು. ದಕ್ಷಿಣ ಕನ್ನಡದಲ್ಲಿ ಬಲಿತ ಕಾಯಿಯ ತೊಳೆಗಳನ್ನು ಉಪ್ಪಿನಲ್ಲಿ ಹಾಕಿಡುತ್ತಾರೆ. ಮಳೆಗಾಲದಲ್ಲಿ ತರಕಾರಿ ಸಿಗದಾಗ ಅದನ್ನು ತೆಗೆದು, ಉಪ್ಪು ಬಿಡುವಷ್ಟು ನೀರಿನಲ್ಲಿ ನೆನೆಸಿ ಪಲ್ಯಕ್ಕೋ ರೊಟ್ಟಿಗೋ ಬಳಸುತ್ತಾರೆ. ಇನ್ನೊಂದು ಪಾಲು ಹಪ್ಪಳವಾಗಿ ಬಿಸಿಲಿಗೆ ಹೋಗುತ್ತದೆ. ಬೀಜಗಳಿಗೆ ಕೆಮ್ಮಣ್ಣು ಮೆತ್ತಿ ಒಣಗಿಸಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಹೊರಗಿನ ಮುಳ್ಳುಸಿಪ್ಪೆ ಹಟ್ಟಿಯ ದನಕ್ಕೆ.

ಬೇಯಿಸಿದ ಅಡುಗೆಯ ದಾರಿ ಬೇರೆ. ಹಳೇ ಮೈಸೂರು ಸೀಮೆಯಲ್ಲಿ ರಾತ್ರಿ ಉಳಿದ ಮುದ್ದೆಯನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ, ಉಪ್ಪು, ಈರುಳ್ಳಿ ಹಾಕಿ ಕುಡಿಯುತ್ತಾರೆ. ಉತ್ತರ ಕರ್ನಾಟಕದವರು ಜೋಳದ ರೊಟ್ಟಿಯನ್ನು ಒಣಗಿಸಿ ಕಟಕ್ ರೊಟ್ಟಿ ಮಾಡಿ ಸಮಸ್ಯೆಯನ್ನೇ ಇಲ್ಲವಾಗಿಸಿದ್ದಾರೆ. ಅನ್ನ ಚಿತ್ರಾನ್ನವಾಗುತ್ತದೆ, ಅಕ್ಕಿ ರೊಟ್ಟಿಯ ಹಿಟ್ಟಿಗೆ ಸೇರುತ್ತದೆ, ಇಲ್ಲವೇ ಜೀರಿಗೆ, ಮೆಣಸಿನಕಾಯಿಯ ಜೊತೆ ಅರೆದು ಸಂಡಿಗೆಯಾಗುತ್ತದೆ. ಮಿಕ್ಕ ಇಡ್ಲಿಯನ್ನು ಪುಡಿಮಾಡಿ ಒಗ್ಗರಣೆ ಹಾಕಿದರೆ ಉಪ್ಪಿಟ್ಟು. ಹುಳಿ ಏರಿದ ದೋಸೆಹಿಟ್ಟಿಗೆ ಈರುಳ್ಳಿ ಹೆಚ್ಚಿಹಾಕಿದರೆ ಪಡ್ಡು. ಮೊಸರು ಹುಳಿಯಾದರೆ ಮಜ್ಜಿಗೆಹುಳಿಗೆ ಅದೇ ಸರಿ.

ಈ ಮಿತವ್ಯಯವನ್ನು ಹೊಗಳುವವರು ಒಂದು ಮಾತು ಮರೆಯುತ್ತಾರೆ. ಅನೇಕ ಮನೆಗಳಲ್ಲಿ ಬಿಸಿ ಅನ್ನ ಗಂಡಸರಿಗೂ ಮಕ್ಕಳಿಗೂ ಹೋಗಿ, ತಂಗಳು ಬರುತ್ತಿದ್ದುದು ಕೊನೆಗೆ ಊಟಕ್ಕೆ ಕೂರುವ ಹೆಂಗಸಿನ ತಟ್ಟೆಗೆ. ಸಿಪ್ಪೆ ಹೆರೆಯುವ, ಸಂಡಿಗೆ ಒತ್ತುವ, ಕಾಗೆ ಕಾಯುವ ದುಡಿಮೆಯೂ ಅವಳದೇ. ಇಂದಿನ ಮನೆಗಳಲ್ಲಿ ಆ ಕೆಲಸ ಹಂಚಿಹೋಗದೆ ಹಳೆಯ ಪದ್ಧತಿ ಮರಳಿ ಬರುವುದು ಕಷ್ಟ.

ಉಳಿಸಬಾರದ್ದೂ ಇದೆ. ಅನ್ನದಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅವು ಮೊಳೆತು ಬಿಡುಗಡೆ ಮಾಡುವ ಒಂದು ಬಗೆಯ ವಿಷ ಮತ್ತೆ ಕಾಯಿಸಿದರೂ ಹೋಗದು. ಆದ್ದರಿಂದ ಉಳಿದ ಅನ್ನವನ್ನು ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸುವುದು ಒಳಿತು. ಬೂಸು ಹಿಡಿದ ಕಡಲೆಕಾಯಿ, ಕೊಬ್ಬರಿಯನ್ನು ಒರೆಸಿ ಬಳಸುವುದು ಜಾಣತನವಲ್ಲ. ಅಫ್ಲಾಟಾಕ್ಸಿನ್ ಎಂಬ ವಿಷ ಕಣ್ಣಿಗೆ ಕಾಣುವುದಿಲ್ಲ. ಕೀಟನಾಶಕ ಹೊಡೆದ ತರಕಾರಿಯ ಸಿಪ್ಪೆಯನ್ನಂತೂ ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯದೆ ಬಳಸುವಂತಿಲ್ಲ.

ಇಷ್ಟಾದ ಮೇಲೂ ಉಳಿಯುವುದು ಹಿಂದೆ ಅಕ್ಕಿ ತೊಳೆದ ನೀರಿನೊಂದಿಗೆ ಕಲಗಚ್ಚಿನ ಬಾನಿಗೆ, ಅಲ್ಲಿಂದ ದನದ ಹೊಟ್ಟೆಗೆ ಹೋಗುತ್ತಿತ್ತು. ದನವಿಲ್ಲದ ನಗರದ ಮನೆಗಳಲ್ಲಿ ಆ ಜಾಗಕ್ಕೆ ಗೊಬ್ಬರದ ಡಬ್ಬಿ ಬಂದಿದೆ. ತಳದಲ್ಲಿ ತೂತುಗಳಿರುವ ಡಬ್ಬಿಯಲ್ಲಿ ಒಂದು ಪದರ ಹಸಿ ಕಸ, ಅದರ ಮೇಲೆ ತೆಂಗಿನನಾರಿನ ಪುಡಿಯೋ ಒಣ ಎಲೆಯೋ. ಹುದುಗು ಹಿಡಿಯಲು ಸ್ವಲ್ಪ ಹುಳಿ ಮಜ್ಜಿಗೆ. ನೀರು ಹೆಚ್ಚಾದರೆ ನಾರುತ್ತದೆ, ಆಗ ಒಣಪುಡಿ ಹೆಚ್ಚಿಸಿ ಕೆದಕಬೇಕು. ಡಬ್ಬಿ ತುಂಬಿದ ಮೇಲೆ ಒಂದೆರಡು ತಿಂಗಳಿಗೆ ಗೊಬ್ಬರ ಕಪ್ಪಾಗಿ, ಮಣ್ಣಿನ ವಾಸನೆ ಬರುತ್ತದೆ. ಆಗ ಜರಡಿ ಹಿಡಿದು, ಒಡೆಯದ ಚೂರುಗಳನ್ನು ಮುಂದಿನ ಡಬ್ಬಿಗೆ ಹಾಕುತ್ತಾರೆ.