ಮನೆ ಕೊಟ್ಟಾಯ್ತು, ಮುಂದೇನು?

ಸರ್ಕಾರ ಬಡವರಿಗೆ ಕಟ್ಟಿಕೊಡುವ ಮನೆಯನ್ನು ಮಹಾರಾಷ್ಟ್ರದಲ್ಲಿ ‘ಘರ್ಕುಲ್’ ಎನ್ನುತ್ತಾರೆ. ನಾಸಿಕ್‌ನ ಅಂಬಡ್ ಕೈಗಾರಿಕಾ ಪ್ರದೇಶದ ಹತ್ತಿರ ಚುಂಚಾಳೆಯಲ್ಲಿ ಅಂಥ ಕಟ್ಟಡಗಳ ಸಾಲೇ ಇದೆ. 2005ರ ಡಿಸೆಂಬರ್‌ನಲ್ಲಿ ಶುರುವಾದ ಜೆ-ನರ್ಮ್ ಯೋಜನೆಗೆ ನಮ್ಮ ಬೆಂಗಳೂರು, ಮೈಸೂರುಗಳಂತೆ ನಾಸಿಕ್ ಕೂಡ ಆಯ್ಕೆಯಾಗಿತ್ತು. ಕೊಳೆಗೇರಿಯವರಿಗೆ ಪಕ್ಕಾ ಮನೆ ಕಟ್ಟಿಕೊಡುವುದು ಅದರ ಒಂದು ಭಾಗ.

ನಮ್ಮ ಕಚೇರಿಯಲ್ಲಿ ಸ್ವಚ್ಛತೆಯ ಕೆಲಸ ಮಾಡುವ ಮಾವ್ಶಿ ಇರುವುದು ಘರ್ಕುಲ್‌ನಲ್ಲೇ. ‘ಮನೆ ಬಂತು, ಅದರ ಹಿಂದೆಯೇ ಖರ್ಚೂ ಬಂತು’ ಎನ್ನುತ್ತಾರೆ. ಜೋಪಡಿಯಲ್ಲಿದ್ದಾಗ ನಾಲ್ಕು ಮನೆಗಳ ಪಾತ್ರೆ ಕೆಲಸಕ್ಕೆ ನಡೆದೇ ಹೋಗುತ್ತಿದ್ದರು. ಈಗ ಎರಡು ಶೇರ್ ಆಟೊ ಬದಲಿಸಬೇಕು. ಕರೆಂಟ್ ಬಿಲ್ಲು, ಕಟ್ಟಡದ ನಿರ್ವಹಣೆ ಬೇರೆ. ಅದಕ್ಕಿಂತ ದೊಡ್ಡ ನಷ್ಟ ಅವರ ‘ಬಚತ್ ಗಟ್’, ಅಂದರೆ ನಮ್ಮ ಸ್ವಸಹಾಯ ಸಂಘ. ಚೀಟಿ ಎತ್ತಿ ಮನೆ ಹಂಚಿದಾಗ ಸದಸ್ಯೆಯರು ಬೇರೆ ಬೇರೆ ಕಡೆಗೆ ಚದುರಿದರು, ಸಂಘ ನಿಂತೇಹೋಯಿತು.

ಹಾಗೆಂದು ಸರ್ಕಾರದ ಹಣಕ್ಕೆ ಕೊರತೆಯಿಲ್ಲ. 2015ರ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಇಂಥ ಒಂದು ಮನೆಗೆ ಕೇಂದ್ರ 1.5 ಲಕ್ಷ, ಮಹಾರಾಷ್ಟ್ರ ಸರ್ಕಾರ 1 ಲಕ್ಷ ರೂಪಾಯಿ ಕೊಡುತ್ತಿತ್ತು. ದುಡಿಮೆಗೆಂದೇ 2013ರಲ್ಲಿ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಬಂತು. ಅದರಲ್ಲಿ ಸಂಘಕ್ಕೆ 10,000 ರೂಪಾಯಿ ಆವರ್ತ ನಿಧಿ, ಒಬ್ಬರಿಗೆ 2 ಲಕ್ಷ, ಗುಂಪಿಗೆ 10 ಲಕ್ಷದವರೆಗೆ ಸಾಲ. ಶೇ 7ಕ್ಕಿಂತ ಮೇಲಿನ ಬಡ್ಡಿಯನ್ನು ಸರ್ಕಾರವೇ ಭರಿಸುತ್ತಿತ್ತು. ಬೀದಿ ವ್ಯಾಪಾರಿಗಳಿಗೆ 2020ರಿಂದ ‘ಸ್ವನಿಧಿ’ ಸಾಲವಿದೆ. ನಮ್ಮ ಗೃಹಲಕ್ಷ್ಮಿಯ 2,000 ರೂಪಾಯಿಯಂತೆ ಇಲ್ಲಿ ‘ಲಾಡ್ಕಿ ಬಹೀಣ್’ ಯೋಜನೆಯ 1,500 ರೂಪಾಯಿಯೂ ತಿಂಗಳಿಗೆ ಬರುತ್ತದೆ.

ತೊಡಕಿರುವುದು ಜೋಡಣೆಯಲ್ಲಿ. ಮನೆಯ ಕಡತ ಒಂದು ಮೇಜಿನಲ್ಲಿ, ದುಡಿಮೆಯ ಕಡತ ಇನ್ನೊಂದರಲ್ಲಿ. ಕೆಲಸದ ಮೇಲೆ ಆಗಾಗ ಛತ್ರಪತಿ ಸಂಭಾಜಿನಗರಕ್ಕೆ ಹೋಗುತ್ತೇನೆ. ಅಲ್ಲಿ ವಾಳೂಜ್ ಕೈಗಾರಿಕಾ ಪ್ರದೇಶ ಊರಿನ ಒಂದು ತುದಿಗೆ, ಶೇಂದ್ರಾ ಇನ್ನೊಂದು ತುದಿಗೆ. ಅಗ್ಗದ ಜಾಗ ಸಿಕ್ಕಲ್ಲಿ ಮನೆ ಕಟ್ಟಿದರೆ ಸಂಬಳದಲ್ಲಿ ಒಂದು ಪಾಲು ಆಟೊಗೇ ಹೋಗುತ್ತದೆ. ಕೆಲವರು ಮನೆ ಬಾಡಿಗೆಗೆ ಕೊಟ್ಟು ಮತ್ತೆ ಜೋಪಡಿಗೆ ಮರಳುವುದು ದುರಾಸೆಯಿಂದಲೇ ಎನ್ನಲಾಗದು.

ಅಮೆರಿಕದಲ್ಲಿ 1990ರ ಕಾನೂನಿನಿಂದ ಬಂದ ‘ಫ್ಯಾಮಿಲಿ ಸೆಲ್ಫ್ ಸಫಿಶಿಯನ್ಸಿ’ ಕಾರ್ಯಕ್ರಮ ಇಲ್ಲಿ ನೆನಪಾಗುತ್ತದೆ. ಅಲ್ಲಿ ಸರ್ಕಾರಿ ನೆರವಿನ ಮನೆಯ ಬಾಡಿಗೆ ಸಾಮಾನ್ಯವಾಗಿ ಆದಾಯದ ಶೇ 30ರಷ್ಟು. ಸಂಬಳ ಏರಿದರೆ ಬಾಡಿಗೆಯೂ ಏರುತ್ತದೆ. ಹಾಗಿದ್ದಮೇಲೆ ಹೆಚ್ಚು ದುಡಿಯುವುದೇಕೆ ಎನ್ನುವ ಪ್ರಶ್ನೆಗೆ ಒಂದು ಉಪಾಯ ಮಾಡಿದರು. ಕುಟುಂಬ ಸಾಮಾನ್ಯವಾಗಿ ಐದು ವರ್ಷದ ಒಪ್ಪಂದಕ್ಕೆ ಸಹಿ ಹಾಕುತ್ತದೆ. ದುಡಿಮೆ ಹೆಚ್ಚಿ ಬಾಡಿಗೆ ಏರಿದಷ್ಟೂ ಅದಕ್ಕೆ ತಕ್ಕ ಮೊತ್ತ ಅವರ ಹೆಸರಿನ ಖಾತೆಗೆ ಜಮೆಯಾಗುತ್ತದೆ. ಗುರಿ ಮುಟ್ಟಿದರೆ ಇಡುಗಂಟು ಅವರ ಕೈಗೆ. ಇದರ ಸರ್ಕಾರಿ ಅನುದಾನ ಮುಖ್ಯವಾಗಿ ಹೋಗುವುದು ಸಂಯೋಜಕರ ಸಂಬಳಕ್ಕೆ. ತರಬೇತಿ, ಬ್ಯಾಂಕು, ಮಗುವಿನ ಆರೈಕೆ, ಕೆಲಸ ಎಲ್ಲಿ ಸಿಗುತ್ತದೆಂದು ತೋರಿಸಿ ಕುಟುಂಬದ ಜೊತೆ ನಿಲ್ಲುವವರು ಇವರೇ.

ಅದನ್ನು ಇಲ್ಲಿ ಹಾಗೇ ನಕಲು ಮಾಡಲಾಗದು. ನಮ್ಮಲ್ಲಿ ಕೊಡುವುದು ಬಾಡಿಗೆ ಮನೆಯಲ್ಲ, ಸ್ವಂತದ್ದು. ಆದರೆ ಪ್ರತಿ ಘರ್ಕುಲ್ ಸಮುಚ್ಚಯಕ್ಕೆ ಒಬ್ಬ ಸಂಯೋಜಕಿ ಇರಬಹುದು. ಒಂದೇ ಸಂಘದವರಿಗೆ ಒಂದೇ ಕಟ್ಟಡದಲ್ಲಿ ಮನೆ ಕೊಡಬಹುದು. ನೆಲಮಹಡಿಯಲ್ಲಿ ಹೊಲಿಗೆಗೋ ಹಪ್ಪಳಕ್ಕೋ ಒಂದು ಕೋಣೆ ಬಿಡಬಹುದು. ಕಟ್ಟಡದ ಖರ್ಚಿನ ಮುಂದೆ ಇದು ದೊಡ್ಡ ಮೊತ್ತವಲ್ಲ.

ಹೊರನಾಡಿನಲ್ಲಿರುವ ನಾವೂ ಒಂದಿಷ್ಟು ಮಾಡಬಹುದು. ನಮ್ಮ ಮನೆಗೆ, ಕಚೇರಿಗೆ ಬರುವವರ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ, ಸ್ವನಿಧಿಗೆ ಅರ್ಜಿ ಹಾಕಿದ್ದಾರೆಯೇ ಎಂದು ಕೇಳೋಣ. ಮರಾಠಿ ಅರೆಬರೆ ಬಂದರೂ ಅರ್ಜಿ ತುಂಬಿಕೊಡಲು ಸಾಕು. ಮಾವ್ಶಿ ಈಗ ತಮ್ಮ ಕಟ್ಟಡದಲ್ಲೇ ಹೊಸ ಬಚತ್ ಗಟ್‌ಗೆ ಹತ್ತು ಜನರನ್ನು ಹುಡುಕುತ್ತಿದ್ದಾರೆ. ಏಳು ಮಂದಿ ಸಿಕ್ಕಿದ್ದಾರಂತೆ.